ರಾಣಿ ಇಲ್ಲದ ಪೆಟ್ಟಿಗೆಯ ಸದ್ದು

ನಾನು ಚಿಕ್ಕವನಿದ್ದಾಗ ನನ್ನ ಬಾಯಿ ಮುಚ್ಚಿಸುವವರು ಯಾರೂ ಇರಲಿಲ್ಲ, ಈಗಲೂ ಇಲ್ಲ. ನಿಮ್ಮ ಅಜ್ಜಿ ನನ್ನ ಅಕ್ಕ, ನನಗಿಂತ ಬಹಳ ದೊಡ್ಡವಳು. ಹಾಗಾಗಿ ಮೀಸೆ ಕಪ್ಪಗಿರುವಾಗಲೇ ನಾನು ನಿಮಗೆಲ್ಲ ಅಜ್ಜನಾಗಿ ಕೂತಿದ್ದೇನೆ. ಓದು ಬಾರದ, ಓಟ ಬಾರದ ನನಗೆ ಊರಿನವರೆಲ್ಲರ ಕೆಮ್ಮು, ನಡಿಗೆ, ಜಗಳ ಅಣಕಿಸುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಅಳವಂಡಿ ಕಡೆಯ ನಮ್ಮ ಹೊಲದ ಬದುವಿನ ಮೇಲೆ ಅಪ್ಪನ ಜೇನುಪೆಟ್ಟಿಗೆಗಳಿದ್ದವು. ಇರುವೆ ಹತ್ತದಿರಲೆಂದು ಅವುಗಳ ಕಾಲನ್ನು ನೀರು ತುಂಬಿದ ತೆಂಗಿನ ಚಿಪ್ಪಿನಲ್ಲಿ ನಿಲ್ಲಿಸಿದ್ದ. ಸೂರ್ಯಕಾಂತಿ ಅರಳಿದರೆ ಅವುಗಳ ಗುಂಯ್ ಸದ್ದು ದಾರಿಯವರೆಗೂ ಬರುತ್ತಿತ್ತು. ಹುಳ ಕಡಿದರೆ ಅಪ್ಪ ಕೈ ಬೀಸುತ್ತಿರಲಿಲ್ಲ, ಓಡುತ್ತಿರಲಿಲ್ಲ. ಮುಳ್ಳನ್ನು ಚಿವುಟದೆ ಉಗುರಿನಿಂದ ಅಡ್ಡಕ್ಕೆ ಕೆರೆದು ತೆಗೆದು, ಆ ಜಾಗಕ್ಕೆ ಸಗಣಿ ಕುಳ್ಳಿನ ಹೊಗೆ ಹಿಡಿಯುತ್ತಿದ್ದ. ಕಡಿದ ಜಾಗ ಬಾಳೆಹಣ್ಣಿನ ಹಾಗೆ ನಾರುತ್ತದೆ. ಆ ವಾಸನೆಗೆ ಉಳಿದ ಹುಳಗಳೂ ಕಡಿಯಲು ಏಳುತ್ತವೆ; ಹೊಗೆ ಅದನ್ನು ಮುಚ್ಚುತ್ತದೆ.

"ಪಾಪ, ಕಡದದ್ದು ಸಾಯತೈತಿ. ನನಗೇನಾಗತೈತಿ?" ಎನ್ನುತ್ತಿದ್ದ. ನನಗೆ ಕಡಿದರೆ ಮಾತ್ರ ಓಣಿಗೆಲ್ಲ ಗೊತ್ತಾಗುತ್ತಿತ್ತು.

ಆ ದಿನ ಅಕ್ಕ ತವರಿಗೆ ಬಂದು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಪಡಸಾಲೆಯಿಂದ ಏದುಸಿರು, ಅಪ್ಪನ ಗೊಗ್ಗರು ದನಿ ಕೇಳಿಸಿತು.

"ಸಾಕ್ ಮಾಡೋ ನಿನ್ನ ಸೋಗು. ಅಪ್ಪ ಬಂದ್ರ ಬೆನ್ನ ಮುರೀತಾನ," ಎಂದು ಕೂತಲ್ಲಿಂದಲೇ ಗದರಿದಳು.

ನಾನು ಕದ್ದ ಬೆಲ್ಲ ಬಾಯಲ್ಲಿಟ್ಟುಕೊಂಡು ಅವಳ ಬೆನ್ನ ಹಿಂದೆಯೇ ಇದ್ದೆ. "ನಾ ಇಲ್ಲೇ ಅದೀನಲ್ಲಬೇ ಅಕ್ಕಾ," ಎಂದೆ.

ಅವಳ ಕೈಯ ಹಿಟ್ಟು ನೆಲಕ್ಕೆ ಬಿತ್ತು.

ಅಪ್ಪನ ಕುತ್ತಿಗೆಗೆ ಒಂದೇ ಒಂದು ಹುಳ ಕಡಿದಿತ್ತು. ತುಟಿ ಊದಿ, ಮೈತುಂಬ ದದ್ದು ಎದ್ದಿದ್ದವು. ಪಕ್ಕದ ಮನೆಯವರ ಜೀಪಿನಲ್ಲಿ ಕೊಪ್ಪಳದ ಆಸ್ಪತ್ರೆಗೆ ಒಯ್ದೆವು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಹಗುರಾಯಿತು.

"ದಿನಾ ಕಡೀತಾವ್ರಿ ಸಾಹೇಬ್ರ, ಇವತ್ತ ಹಿಂಗ್ಯಾಕ?" ಎಂದು ಕೇಳಿದ ಅಪ್ಪ.

"ಇಷ್ಟ ವರ್ಷ ತಡಕೊಂಡ ಮೈ ಈಗ ಒಲ್ಲೆ ಅಂತೈತಿ, ಯಜಮಾನ್ರ. ಇನ್ನೊಂದ ಹುಳ ಕಡದ್ರ ಜೀವ ಉಳಿಯೂದು ಕಷ್ಟೈತ್ರಿ," ಎಂದರು ಡಾಕ್ಟರು.

ಯಲಬುರ್ಗಾ ಕಡೆಯ ಜೇನು ಸಾಕುವ ಒಬ್ಬರು ಒಂದು ಸಂಜೆ ಬಂದು ಪೆಟ್ಟಿಗೆಗಳ ಬಾಯಿಗೆ ಬಟ್ಟೆ ತುರುಕಿ ಹೇರಿಕೊಂಡು ಹೋದರು. ಅವ್ವ ಅಪ್ಪನನ್ನು ಹೊಲಕ್ಕೆ ಬಿಡಲಿಲ್ಲ. ಅವನು ಮನೆಯ ಕಟ್ಟೆಯ ಮೇಲೆ ಹೊಲದ ದಾರಿ ನೋಡುತ್ತ ಕೂತಿದ್ದ. ನಗಿಸೋಣವೆಂದು ನಾನು ಹತ್ತಿರ ಹೋಗಿ ಜೇನುಪೆಟ್ಟಿಗೆಯ ಹಾಗೆ ಗುಂಯ್ ಎಂದೆ. ಅಪ್ಪ ಕಣ್ಣು ಮುಚ್ಚಿ ಪೂರಾ ಕೇಳಿಸಿಕೊಂಡ.

"ಛಲೋ ಮಾಡ್ದಿ. ಆದ್ರ ಇದು ರಾಣಿ ಸತ್ತ ಪೆಟ್ಟಿಗಿ ಸದ್ದಪ್ಪ. ರಾಣಿ ಹೋತಂದ್ರ ಅವು ಹಿಂಗ ನರಳತಾವ."

ಮರುದಿನವೂ ಮಾಡಿ ನೋಡಿದೆ. ಅದೇ ಬಂತು.

ನಿಮಗೆ ಜೇನು ಬಾಟಲಿಯಲ್ಲಿ ಬರುತ್ತದೆ. ಮನೆಯೊಳಗೆ ಒಂದು ಹುಳ ಬಂದರೆ ಮೊಬೈಲು ಬಿಸಾಕಿ ಮಂಚದ ಕೆಳಗೆ ತೂರುತ್ತೀರಿ; ನಾನೂ ನಿಮ್ಮ ಹಿಂದೆಯೇ ಇರುತ್ತೇನೆ ಅನ್ನಿ. "ಅಜ್ಜಾ, ಮುತ್ತಜ್ಜನ ಹಂಗ ಮಾತಾಡು" ಎನ್ನುತ್ತೀರಿ, ಮಾಡುತ್ತೇನೆ. ಅಡುಗೆಮನೆಯಲ್ಲಿ ನಿಮ್ಮ ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸುತ್ತಾಳೆ. "ಈಗ ಜೇನುಪೆಟ್ಟಿಗಿ" ಎಂದಾಗ ಮಾತ್ರ ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳುತ್ತೇನೆ. ನನಗೆ ಇವತ್ತಿಗೂ ಬರುವುದು ಆ ಒಂದೇ ಸದ್ದು.