ಬಿಸಿ ಹಣೆ

ಜ್ವರ ನೋಡುವ ಯಂತ್ರವನ್ನು ಮೂರನೇ ತರಗತಿಯ ಹುಡುಗಿಯ ಹಣೆಗೆ ಹಿಡಿದೆ. ಕೆಂಪು ದೀಪ ಹತ್ತಿ, ಅದು ಬೀಪ್ ಬೀಪ್ ಎಂದಿತು. ಕೊರೊನಾದಿಂದ ಮುಚ್ಚಿದ್ದ ಚಾಮರಾಜಪೇಟೆಯ ನಮ್ಮ ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿ ಮತ್ತೆ ಶುರುವಾದ ಬೆಳಿಗ್ಗೆ ಅದು. ಮೈ ಬಿಸಿಯಿರುವ ಮಗುವನ್ನು ಒಳಗೆ ಬಿಡಬಾರದೆಂದು ಸರ್ಕಾರದ ಆದೇಶ. ಗಿಡ್ಡವಾಗಿಹೋದ ಹಳೆಯ ಯೂನಿಫಾರ್ಮಿನಲ್ಲಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮಾಸ್ಕಿನ ಮೇಲಿನ ಕಣ್ಣುಗಳು ತುಂಬಿಕೊಂಡವು.

ಹಿಂದೆ ನಿಂತಿದ್ದ ಅವಳ ತಾಯಿ ಗಾಬರಿಯಿಂದ ಮುಂದೆ ಬಂದರು.

“ಮಿಸ್, ಅವಳಿಗೆ ಜ್ವರ ಇಲ್ಲ. ಸ್ಕೂಲಲ್ಲಿ ಏನೂ ಅಂಟ್ಕೋಬಾರ್ದು ಅಂತ ಈಗ್ತಾನೆ ಹಬೆ ಕೊಟ್ಟು, ಬಿಸಿ ಕಷಾಯ ಕುಡ್ಸಿ ಕರ್ಕೊಂಡ್ ಬಂದೆ. ಮನೆ ಇಲ್ಲೇ ಹಿಂದಿನ ಬೀದೀಲಿ.”

ನನಗೆ ನಗುವೂ ಬಂತು, ಪಾಪವೂ ಅನ್ನಿಸಿತು. ಸ್ವಲ್ಪ ಹೊತ್ತು ನೆರಳಲ್ಲಿ ಕೂತಿರಿ, ಇನ್ನೊಂದು ಸಲ ನೋಡೋಣ ಎಂದೆ.

ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕೂತು ಆ ತಾಯಿ ಮಗಳ ಹಣೆಗೆ ಸೆರಗಿನಿಂದ ಬಿಡದೆ ಗಾಳಿ ಹಾಕಿದರು. ಉಳಿದ ಮಕ್ಕಳೆಲ್ಲ ಒಳಗೆ ಹೋದ ಮೇಲೆ ಮತ್ತೆ ಯಂತ್ರ ಹಿಡಿದೆ. ಮಗಳು ನೆಟ್ಟಗೆ ನಿಂತಿದ್ದಳು, ತಾಯಿ ಕಣ್ಣು ಮುಚ್ಚಿಕೊಂಡಿದ್ದರು. ಹಸಿರು ದೀಪ ಬಂತು. ಹುಡುಗಿ ತಿರುಗಿಯೂ ನೋಡದೆ ಒಳಗೆ ಓಡಿದಳು.

“ನಾಳೆಯಿಂದ ಹಬೆ ರಾತ್ರೀನೇ ಕೊಡ್ತೀನಿ ಮಿಸ್,” ಎಂದರು ತಾಯಿ.

ಅಂದು ನನ್ನ ಕೈ ಆ ಹಣೆಯ ಹತ್ತಿರ ಹೋಗಿ ಹೋಗಿ ಹಿಂದೆ ಬಂದಿತ್ತು, ಮಕ್ಕಳನ್ನು ಮುಟ್ಟುವಂತಿರಲಿಲ್ಲ. ಆ ಯಂತ್ರ ಈಗ ಸ್ಟಾಫ್ ರೂಮಿನ ಬೀರುವಿನಲ್ಲಿ ಬ್ಯಾಟರಿಯಿಲ್ಲದೆ ಬಿದ್ದಿದೆ. ಯಾವ ಮಗು ಮಂಕಾಗಿ ಬಂದರೂ ನಾನು ಮೊದಲು ಹಣೆಯ ಮೇಲೆ ಅಂಗೈ ಇಡುತ್ತೇನೆ, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.