ನಾನು ಬಿಚ್ಚಿದ ಕೆಂಪು ಚಿಂದಿ

ಕನ್ನಡನಾಡು ಒಂದಾಗಿ ನಾಕು ತಿಂಗಳಾಗಿತ್ತು. ನಾನಾಗ ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗೋ ದಾರಿಯಾಗಿದ್ದ ಸರಕಾರಿ ಹತ್ತಿ ಫಾರ್ಮಿನಾಗ ಹೆಣ್ಣಾಳುಗಳ ಮುಂದಾಳು. ಫಾರ್ಮ್ ಅಂದರ ಮಾರಾಕ ಬೆಳೆಯೋ ಹೊಲ ಅಲ್ಲ, ಯಾವ ಬೀಜ ಚಲೋ ಅಂತ ಪರೀಕ್ಷಾ ಮಾಡೋ ಹೊಲ. ಬೋರ್ಡಿನ ಮ್ಯಾಲೆ ‘ಮುಂಬೈ ಸರಕಾರ’ ಅಳಿಸಿ ‘ಮೈಸೂರು ರಾಜ್ಯ’ ಅಂತ ಬರೆದಿದ್ದರು. ಬಣ್ಣ ತೆಳ್ಳಗಾಗಿ ಒಳಗಿನ ಮುಂಬೈ ಇನ್ನೂ ಕಾಣತಿತ್ತು. ನಾನು ಓದಿದ್ದು ಎರಡನೇ ಇಯತ್ತಾ. ಕೆಲಸಕ್ಕ ಸೇರಿ ಒಂದು ಸುಗ್ಗಿನೂ ಕಳೆದಿರಲಿಲ್ಲ.

ಆ ಜಮೀನು ಲಕ್ಷ್ಮೇಶ್ವರದ ಒಬ್ಬ ಹತ್ತಿ ವ್ಯಾಪಾರಸ್ಥರದು. ಎಲ್ಲಾರೂ ಅವರನ್ನ ಶೆಟ್ಟರು ಅಂತಿದ್ದರು. ಐದು ವರ್ಷಕ್ಕಂತ ಸಂಶೋಧನಿಗೆ ಬಿಟ್ಟುಕೊಟ್ಟಿದ್ದರು, ಭಾವಿ ಸಮೇತ. ಮುದ್ದತ್ತು ಆ ಬ್ಯಾಸಗಿಗೆ ಮುಗೀತಿತ್ತು. ಅದಕ್ಕ ನಮ್ಮ ದೊಡ್ಡ ಸಾಹೇಬರು ಸನ್ಮಾನ ಇಟ್ಟುಕೊಂಡರು: ಶೆಟ್ಟರಿಗೊಂದು ಶಾಲು, ನಮ್ಮ ಹತ್ತಿ ನೂತು ನೋಡಿ ತಪ್ಪು ಒಪ್ಪು ಹೇಳತಿದ್ದ ಬೆಟಗೇರಿಯ ನೇಕಾರರ ಸಂಘಕ್ಕೊಂದು ಶಾಲು. ಹಾರ ಹಾಕಿದರ ಹೊಲ ಉಳೀತೈತಿ ಅನ್ನೋ ಆಸೆ. ಅದರಾಗ ಮುಚ್ಚಿಡೋದೇನೂ ಇಲ್ಲ.

ಹಿಂದಿನ ದಿನ ಮಧ್ಯಾಹ್ನ ಸಾಹೇಬರು ನನ್ನ ಕರೆದು, “ನೀಲವ್ವ, ನಾಳೆ ಶೆಟ್ಟರು ಹೊಲದಾಗ ತಿರಗ್ಯಾಡತಾರ. ಒಂದು ಕಸ ಕಾಣಬಾರದು” ಅಂದರು.

ಹೊಲಕ್ಕ ಹೋದರ ಅಲ್ಲಲ್ಲಿ ಗಿಡಕ್ಕ ಅರಿವಿ ಚೂರು ಕಟ್ಟಿದ್ದು ಕಂಡಿತು. ಎಲ್ಲಾ ಬಿಳಿ, ಒಂದು ಮಾತ್ರ ಕೆಂಪು. ನಮ್ಮ ಕಡೆ ಚಲೋ ಬಂದ ಗಿಡಕ್ಕ ಕೆಟ್ಟ ನೆದರು ಬಡೀಬಾರದಂತ ಹಿಂಗ ಚಿಂದಿ ಕಟ್ಟತಾರ. ಯಾವಾಕೋ ಕಟ್ಯಾಳ ಅಂದುಕೊಂಡೆ. ಹಾರ ಹಾಕಿಸಿಕೊಳ್ಳಾಕ ಬರೋ ಮನಷ್ಯಾನ ಮುಂದ ನೆದರಿನ ಚಿಂದಿ ಇಟ್ಟರ, ‘ನಿನ್ನ ಕಣ್ಣು ಕೆಟ್ಟದು’ ಅಂತ ಮುಖಕ್ಕ ಹೇಳಿದಂಗ. ಒಂದೂ ಬಿಡದ ಬಿಚ್ಚಿ ಸೀರಿ ಉಡ್ಯಾಗ ಹಾಕಿಕೊಂಡೆ. ಇಪ್ಪತ್ಮೂರು.

ಹೊತ್ತು ಇಳಿಯೋ ಮುಂದ ವಾಮನರಾಯರು ಓಡಿ ಬಂದರು. ಬೀಜದ ಸಂಶೋಧನಿ ಮಾಡತಿದ್ದವರು ಅವರ. ಯಾರ ಕೂಡಾನೂ ಹೆಚ್ಚು ಮಾತಿಲ್ಲ.

“ನೀಲವ್ವ, ಗಿಡಕ್ಕ ಅರಿವಿ ಕಟ್ಟಿದ್ದೆ. ಎಲ್ಲಿ ಹೋದವು?”

“ಉಡ್ಯಾಗ ಅದಾವ್ರಿ. ನೆದರಿನ ಚಿಂದಿ ನೀವು ಕಟ್ಟಿದ್ರೇನು ರಾಯರ? ಓದಿದವರಾಗಿ!”

ಅವರು ಬದುವಿನ ಮ್ಯಾಲೆ ಕುಂತುಬಿಟ್ಟರು. “ಅವು ಆರಿಸಿದ ಗಿಡ ನೀಲವ್ವ. ನಾಕು ವರ್ಷದ ಕೆಲಸ.”

ಆಮ್ಯಾಲೆ ತಿಳಿಸಿ ಹೇಳಿದರು. ಸಾವಿರಾರು ಗಿಡದಾಗ ಯಾವುದರ ಹತ್ತಿಯ ಎಳಿ ಉದ್ದ ಬರತೈತೋ ಅದಕ್ಕ ಗುರುತು ಕಟ್ಟಿ, ಅದರ ಬೀಜ ಬ್ಯಾರೆ ತಗದು ಮುಂದಿನ ವರ್ಷ ಬಿತ್ತೋದು. ಇದಕ್ಕ ಸೆಲೆಕ್ಷನ್ ಅಂತಾರ. ಎಳಿಯ ಅಳತಿ ಪುಸ್ತಕದಾಗಿತ್ತು, ಗಿಡ ಎಲ್ಲೈತಿ ಅನ್ನೋದು ಚಿಂದಿಯಾಗ ಮಾತ್ರ ಇತ್ತು. ಕೆಂಪಂತೂ ಎಲ್ಲಾದಕ್ಕಿಂತ ಉದ್ದ ಎಳಿಯದು.

“ನಮಗೊಂದು ಮಾತು ಹೇಳಬೇಕೋ ಬ್ಯಾಡೋ?”

“ಹೇಳಬೇಕಿತ್ತು.”

ಅಳಾಕ ಹೊತ್ತಿರಲಿಲ್ಲ. ಬಿಚ್ಚಿದ ಕೈ ನಂದು, ಕೈಗೆ ನೆನಪಿತ್ತು. ಹುತ್ತದ ಬಾಜೂದ್ದು, ಎತ್ತು ತುಳಿದು ಸೊಟ್ಟಾದದ್ದು, ಗಂಟು ಬಿಚ್ಚೋ ಮುಂದ ನನ್ನ ಉಗುರು ಮುರಿದದ್ದು. ಕತ್ತಲಾಗೋತನಕ ಹದಿನಾಕು ಗಿಡಕ್ಕ, ಮರುದಿನ ಮುಂಜಾನೆ ಎಂಟಕ್ಕ ಕಟ್ಟಿದ್ವಿ. ರಾಯರು ಒಡೆದ ಕಾಯಿಯ ಹತ್ತಿ ಹಿಕ್ಕಿ, ಅಂದರ ಎಳಿ ಬಾಚಿ, ಅಳತಿ ಹಚ್ಚಿ, ಪುಸ್ತಕಕ್ಕ ತಾಳೆ ನೋಡಿದರು. ಎಲ್ಲಾ ಖರೆ ಬಂದವು.

ಉಳಿದದ್ದು ಕೆಂಪು. ಅಲ್ಲಿ ಎರಡು ಗಿಡ ಒಂದಕ್ಕೊಂದು ಹತ್ತಿಕೊಂಡು ನಿಂತಿದ್ದವು. ಯಾವುದಕ್ಕಿತ್ತೋ ನನಗ ಹೊಳೀಲಿಲ್ಲ. ಎರಡರಾಗೂ ಹತ್ತಿ ಬಿಡಿಸಿ ಆಗಿತ್ತು, ಎರಡೆರಡು ಹಸರು ಕಾಯಿ ಉಳಿದಿದ್ದವು, ಅಳೆಯಾಕ ಹತ್ತಿ ಇರಲಿಲ್ಲ. ಅಷ್ಟೊತ್ತಿಗೆ ಸಾಹೇಬರು ಬಂದರು.

“ಶೆಟ್ಟರು ಬರೋದ ಆ ಗಿಡ ನೋಡಾಕ. ಯಾವುದಾರ ಒಂದಕ್ಕ ಕಟ್ಟರಿ. ಅವರೇನು ಎಳಿ ಅಳೀತಾರ?”

ರಾಯರು ಬಲಗಡೆ ಗಿಡಕ್ಕ ಕಟ್ಟಿದರು. ಗಂಟು ಸರಿ ಬೀಳದ ಎರಡು ಸಲ ಜಾರಿತು.

ಸನ್ಮಾನದಾಗ ಯಾರೇನು ಮಾತಾಡಿದರೋ ನನಗ ಗೊತ್ತಿಲ್ಲ. ಕುಂತರ ಕುಂಡ್ರಾಕ ಆಗವಲ್ದು, ನಿಂತರ ನಿಲ್ಲಾಕ ಆಗವಲ್ದು. ಕುಡಿಯೋ ನೀರಿನ ಕೊಡ ಮೂರು ಸಲ ತುಂಬಿದೆ, ಯಾರೂ ಕುಡಿದಿರಲಿಲ್ಲ. ಕಡೀಕ ಎಲ್ಲಾರೂ ಹೊಲಕ್ಕ ಬಂದರು. ಶೆಟ್ಟರು ಹಾರ ಹಾಕಿಕೊಂಡ ಬಗ್ಗಿ, “ಇದಾ ಏನು ಆ ಗಿಡ?” ಅಂದರು.

ರಾಯರು ಅಳತಿ ಪುಸ್ತಕ ತಿರುವಿಹಾಕಾಕ ಹತ್ತಿದರು. ನಾನು ಮುಂದ ಹೋದೆ.

“ಖರೆ ಹೇಳಬೇಕಂದ್ರ ಗೊತ್ತಿಲ್ರಿ ಶೆಟ್ಟರ. ಇದೋ, ಬಾಜೂದ್ದೋ. ಗುರುತಿನ ಚಿಂದಿ ಬಿಚ್ಚಿದಾಕಿ ನಾನು.”

“ಏ, ನಿನ್ನ ಯಾರು ಕೇಳಿದ್ರು?” ಸಾಹೇಬರು ಹಲ್ಲು ಕಡಿದರು.

ಶೆಟ್ಟರು ನನ್ನ ಕಡೆ ತಿರುಗಿದರು. “ಯಾಕ ಬಿಚ್ಚಿದಿ?”

“ನಿಮ್ಮ ನೆದರಿಗಂಜಿ ಕಟ್ಟ್ಯಾರ ಅಂತ ನೀವು ತಿಳಕೋಬಾರದಂತ್ರಿ.”

“ನನ್ನ ನೆದರು ಅಷ್ಟು ಕೆಟ್ಟದೈತೇನು?”

“ವ್ಯಾಪಾರಸ್ಥರದು ಅಲ್ಲೇನ್ರಿ.”

ಬೆಟಗೇರಿಯವರು ನಕ್ಕರು. ಶೆಟ್ಟರು ನಗಲಿಲ್ಲ. ರಾಯರನ್ನ, “ಯಾವಾಗ ಗೊತ್ತಾಗತೈತಿ?” ಅಂತ ಕೇಳಿದರು.

“ಕಾಯಿ ಒಡೀಬೇಕ್ರಿ. ಎಂಟ್ಹತ್ತು ದಿನ.”

“ಆತು. ಹೊಲದ ಮಾತು ಅವತ್ತ ಆಡೂಣು.” ಊಟಕ್ಕೂ ನಿಲ್ಲದ ಗಾಡಿ ಹತ್ತಿದರು. ಸಾಹೇಬರು ನನಗ, “ಹೊಲ ಹೋತಂದ್ರ ನಿನ್ನ ಕೆಲಸಾನೂ ಹೋತು” ಅಂದರು. ಅಂದದ್ದು ಬರೋಬರಿನ ಇತ್ತು.

ಅವತ್ತಿನಿಂದ ಎರಡೂ ಗಿಡಕ್ಕ ಮುಳ್ಳು ಹಚ್ಚಿ ಕಾದೆ. ದಿನಕ್ಕ ಹತ್ತು ಸಲ ಕಾಯಿ ಮುಟ್ಟಿ ನೋಡತಿದ್ದೆ. ರಾಯರು, “ಮುಟ್ಟಿದರ ಜಲ್ದಿ ಒಡೆಯೂದಿಲ್ಲ ನೀಲವ್ವ” ಅಂತಿದ್ದರು. ಆಮ್ಯಾಲೆ ತಾವೂ ಮುಟ್ಟಿ ನೋಡತಿದ್ದರು.

ಒಂಬತ್ತನೇ ದಿನಕ್ಕ ಎರಡರಾಗೂ ಒಂದೊಂದು ಕಾಯಿ ಒಡೆದವು. ಖಬರ ಕಳಿಸಿದ್ವಿ. ಶೆಟ್ಟರು ಒಬ್ಬರ ಬಂದರು, ಹಾರ ಇಲ್ಲ, ಶಾಲಿಲ್ಲ. ರಾಯರು ಕರೀ ಹಲಗಿ ಮ್ಯಾಲೆ ಎರಡೂ ಹತ್ತಿ ಹಿಕ್ಕಿ ಹರಡಿ ಅಳೆದರು. ಪುಸ್ತಕದ ಅಳತಿಗೆ ಸರಿ ಬಂದದ್ದು ಎಡಗಡೆ ಗಿಡ. ನಾವು ಕೆಂಪು ಕಟ್ಟಿದ್ದು ಬಲಗಡೆಗೆ.

ಶೆಟ್ಟರು ಹಲಗಿ ನೋಡಿದರು, ರಾಯರನ್ನ ನೋಡಿದರು. ಬಗ್ಗಿ ತಾವ ಚಿಂದಿ ಬಿಚ್ಚಿ ನನ್ನ ಕೈಯಾಗ ಕೊಟ್ಟರು.

“ಕಟ್ಟು. ಗಟ್ಟಿ ಕಟ್ಟು. ಇನ್ನೂ ಐದು ವರ್ಷ ಇರಬೇಕು.”

ಆ ಫಾರ್ಮಿನಾಗ ನನ್ನ ಕೂದಲು ಹಣ್ಣಾದವು. ಸನ್ಮಾನ ಭಾಳ ನೋಡಿದೆ. ಜಾಗಾ ಕೊಡೋರು ಸಿಗತಾರ, ರೊಕ್ಕ ಕೊಡೋರೂ ಸಿಗತಾರ. ‘ಗೊತ್ತಿಲ್ಲ’ ಅಂದದ್ದು ಕೇಳಿ ಒಂಬತ್ತು ದಿನ ತಡಕೊಳ್ಳೋರು ಸಿಗೋದು ಕಷ್ಟ. ಶಾಲು ಹೊದಿಸೋದಾದರ ಅಂಥವರಿಗೆ ಹೊದಿಸರಿ.

ನನ್ನ ಕೈಯಾಗಿನ ಹೊಸ ಆಳುಗಳಿಗೆ ಮೊದಲ ದಿನ ಒಂದ ಮಾತು ಹೇಳತಿದ್ದೆ: ಗಂಟು ಬಿಚ್ಚೋಕಿಂತ ಮೊದಲು ಕಟ್ಟಿದವರನ್ನ ಕೇಳ್ರಿ. ಹೊಸ ಸಾಹೇಬರು ಬಂದರ ಅವರಿಗೂ ಹೇಳತಿದ್ದೆ: ಕಟ್ಟೋ ಮುಂದ ನಮಗ ಹೇಳ್ರಿ.