ಭಾವನ ಬೋಳುತಲೆ ತಟ್ಟಿದ ದಿನ

ಮೂರು ವರ್ಷದ ಹಿಂದಿನ ವರ್ಷತೊಡಕು. ಯುಗಾದಿಯ ಮಾರನೆ ದಿನದ ಬಾಡೂಟಕ್ಕೆಂದು ಗುಂಡ್ಲುಪೇಟೆಯಿಂದ ಬದನಗುಪ್ಪೆಗೆ, ನನ್ನ ಅಕ್ಕನ ಮನೆಗೆ ಹೋಗಿದ್ದೆ. ವರ್ಷತೊಡಕಿನ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೇ ಅವತ್ತು ಜಗಳಗಂಟರೂ ಬಾಯಿ ಮುಚ್ಚಿಕೊಂಡು ಮುದ್ದೆ ನುಂಗುತ್ತಾರೆ.

ನಾನು ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಬಾಯಿಯೇ ನನ್ನ ಬಂಡವಾಳ. ಕೇರಳದಿಂದ ಬರುವ ವ್ಯಾಪಾರಿಗಳನ್ನು ನಗಿಸಿ ನಗಿಸಿಯೇ ರೇಟು ಏರಿಸುತ್ತೇನೆ. ಇನ್ನು ಅಕ್ಕನ ಮಗಳು ನಂದಿನಿ ಎದುರಿಗಿದ್ದರಂತೂ ಕೇಳಲೇಬೇಡಿ. ಸೋದರಮಾವನಾದವನು ಸೊಸೆಯನ್ನು ರೇಗಿಸದೆ ಪೂಜೆ ಮಾಡುತ್ತಾನೆಯೇ?

ಅವತ್ತು ಊಟದ ಮಧ್ಯೆ ಕುಂಬಳಕಾಯಿ ವ್ಯಾಪಾರಿಯ ಕತೆ ತೆಗೆದೆ. ಒಬ್ಬ ವ್ಯಾಪಾರಿ ಪ್ರತಿ ಕಾಯಿಗೂ ಕಿವಿ ಕೊಟ್ಟು, ಬೆರಳಿನಿಂದ ತಟ್ಟಿ ನೋಡುತ್ತಾ ಬರುತ್ತಿದ್ದ. ರಾಶಿಯ ಪಕ್ಕ ಬೋಳುತಲೆಯ ಮುದುಕರೊಬ್ಬರು ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು. ಈತ ಅದೇ ಓಘದಲ್ಲಿ ಅವರ ತಲೆಯನ್ನೂ ತಟ್ಟಿ, "ಕಾಯಿ ಬಲಿತದೆ, ಲೋಡ್ ಮಾಡಿ" ಅಂದುಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಂದಿನಿಯಂತೂ ನಿಜವಾಗಿಯೇ ಬಿದ್ದಳು. ನಗುನಗುತ್ತಲೇ ದವಡೆ ಸಡಿಲವಾಯಿತು, ಕತ್ತು ಜೋತುಬಿತ್ತು, ಮುಖ ಎಲೆಯ ಮೇಲೆ. ಅಕ್ಕ ಕಿರುಚಿಕೊಂಡಳು. ಒಂದು ನಿಮಿಷವಾಗುವಷ್ಟರಲ್ಲಿ ಹುಡುಗಿ ತಾನಾಗಿಯೇ ಎದ್ದು ಕೂತು ಮುಖ ಒರೆಸಿಕೊಂಡಳು.

ನನ್ನ ಭಾವ ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ನೌಕರ. ಅವರ ಮುಖದಲ್ಲಿ ನಗು ಕಾಣಬೇಕಾದರೆ ಬೋನಸ್ ಬರಬೇಕು. ಅವರು ಎಲೆ ಬಿಟ್ಟು ಎದ್ದರು.

"ನಿನ್ ಬಾಯ್ಗಿಷ್ಟು ಮಣ್ಣಾಕ! ನೀನು ಬಂದಾಗ್ಲೆಲ್ಲ ಕೂಸು ಬೀಳ್ತದೆ. ವರ್ಷತೊಡಕಿನ್ ದಿನ್ವೇ ಇಂಗಾದ್ರೆ ವರ್ಷೆಲ್ಲ ಏನ್ಲಾ ಗತಿ? ಇನ್ಮೇಲೆ ನನ್ ಮನೆ ಹೊಸ್ಲು ತುಳೀಬೇಡ ಓಗು!"

ಹಿಂದೆಯೂ ಅವಳು ಬಿದ್ದದ್ದು ನಾನಿದ್ದಾಗಲೇ. ಆದ್ದರಿಂದ ನನ್ನ ಬಾಯಿಯ ದೃಷ್ಟಿಯೇ ತಾಕಿದೆ ಎಂದು ತೀರ್ಮಾನವಾಯಿತು. ಅಂತ್ರ ಕಟ್ಟಿಸಿದರು, ತಡೆ ಒಡೆಸಿದರು. ಮನೆಯಲ್ಲಿ ಯಾರೂ ತಮಾಷೆ ಮಾಡಬಾರದು ಎಂದು ಕಟ್ಟಪ್ಪಣೆ. ನಗು ಬಂದರೆ ತುಟಿ ಕಚ್ಚಿಕೊಳ್ಳುವುದನ್ನು ಆ ಮಗುವಿಗೆ ಕಲಿಸಿದರು.

ಒಂದು ದಿನ ನಂದಿನಿಯೇ ಫೋನ್ ಮಾಡಿದಳು. ಆಗ ಅವಳು ಚಾಮರಾಜನಗರದಲ್ಲಿ ಡಿಗ್ರಿ ಎರಡನೇ ವರ್ಷ. ಟೀಚರಾಗಬೇಕು ಎಂಬ ಆಸೆ ಚಿಕ್ಕಂದಿನಿಂದಲೂ ಇತ್ತು.

"ಮಾವ, ನಂಗೆ ಗಾಳಿಗೀಳಿ ಏನೂ ಇಲ್ಲ. ಬಿದ್ದಾಗ ನೀವೆಲ್ಲ ಮಾತಾಡದು ಕೇಳ್ತಾನೇ ಇರ್ತದೆ, ಕೈಕಾಲು ಮಾತ್ರ ಬರದಿಲ್ಲ. ಕ್ಲಾಸಲ್ಲಿ ಬರೀತಾ ಬರೀತಾನೇ ನಿದ್ದೆ ಬಂದ್ಬುಡ್ತದೆ. ಸೋಮಾರಿ ಅಂತಾರೆ. ಅಪ್ಪ ಕಾಲೇಜ್ ಬುಡ್ಸಿ ಗಂಡು ನೋಡ್ತೀನಿ ಅಂತಾವ್ರೆ ಮಾವ."

"ಅಳ್ಬೇಡ ಕಣಮ್ಮಿ, ನಾನ್ ಬತ್ತೀನಿ" ಎಂದವನೇ ಬಸ್ ಹತ್ತಿದೆ. ಹೊಸಿಲು ತುಳಿಯುವ ಹಾಗಿರಲಿಲ್ಲವಲ್ಲ, ಬೀದಿಯಲ್ಲೇ ನಿಂತು ಹರಾಜಿನ ದನಿ ತೆಗೆದೆ. "ಭಾವಾ! ಕೂಸ್ನ ದೊಡ್ಡಾಸ್ಪತ್ರೆಗೆ ತೋರಿಸ್ತೀರೋ ಇಲ್ವೋ? ಒಂದು ಸರೀ... ಎರಡು ಸರೀ..." ಮೂರನೆಯದಕ್ಕೆ ಬೀದಿಯವರೆಲ್ಲ ಹೊರಗೆ ಬಂದಿದ್ದರು. ಭಾವ ಮಾನಕ್ಕೆ ಅಂಜಿ ಬಾಗಿಲಿಗೆ ಬಂದರು. "ಒಂದೇ ಸಲ ತೋರ್ಸನ. ಅಲ್ಲೂ ಏನೂ ಇಲ್ಲ ಅಂದ್ರೆ ಕಾಲೇಜು ಬಂದ್. ನೀನೂ ಬಾ, ಆದ್ರೆ ಬಾಯ್ ಬುಡಂಗಿಲ್ಲ" ಎಂದರು.

ಚಾಮರಾಜನಗರದ ಆಸ್ಪತ್ರೆಯಲ್ಲಿ ರಕ್ತ, ಹೃದಯ ಎಲ್ಲ ಪರೀಕ್ಷೆ ಆಯಿತು. ಎಲ್ಲವೂ ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಹಾಗೆಂದ ಕೂಡಲೇ ಭಾವ "ನೋಡ್ದಾ?" ಎನ್ನುವಂತೆ ನನ್ನ ಕಡೆ ತಿರುಗಿದರು. ನಂದಿನಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಡಾಕ್ಟರಮ್ಮ, "ಬೀಳೋದು ಯಾವಾಗ?" ಎಂದು ಕೇಳಿದರು.

ಭಾವ ನನ್ನತ್ತ ಕೈ ಮಾಡಿದರು. "ಇವ್ನು ಬಾಯ್ ಬುಟ್ಟಾಗ ಮೇಡಂ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಂದ್ರೆ, ನಕ್ಕಾಗಲಾ?"

ನಂದಿನಿ ತಲೆಯಾಡಿಸಿದಳು. "ಎಲ್ಲಿ, ಈಗ ನಗಿಸಿ ನೋಡೋಣ" ಎಂದು ಡಾಕ್ಟರಮ್ಮ ನನಗೇ ಹೇಳಿದರು.

ಸ್ವಾಮಿ, ಇಡೀ ಮಾರುಕಟ್ಟೆ ಎದುರು ನಿಂತರೂ ನಡುಗದವನು ನಾನು. ಅವತ್ತು ನಾಲಿಗೆ ಒಣಗಿಹೋಯಿತು. ಅವಳ ಓದು ನನ್ನ ಬಾಯಿಯ ಮೇಲೆ ನಿಂತಿತ್ತು. ಹಾಗೆ ಬೆವರುತ್ತಿರುವಾಗ ಎದುರಿಗೆ ಕಂಡದ್ದು ಭಾವನ ತಲೆ. ಕುರ್ಚಿಯಲ್ಲಿ ಬಗ್ಗಿ ಕೂತಿದ್ದರು, ಕಿಟಕಿಯ ಬೆಳಕಿಗೆ ಬೋಳುತಲೆ ಫಳಫಳ ಅನ್ನುತ್ತಿತ್ತು. ಆದದ್ದಾಗಲಿ ಎಂದು ಹತ್ತಿರ ಹೋಗಿ, ಕಿವಿ ಕೊಟ್ಟು, ಬೆರಳಿನಿಂದ ಎರಡು ಸಲ ತಟ್ಟಿದೆ.

"ಕಾಯಿ ಬಲಿತದೆ, ಲೋಡ್ ಮಾಡಿ."

ನಂದಿನಿ ಕಲಿತ ಅಭ್ಯಾಸದಂತೆ ತುಟಿ ಕಚ್ಚಿಕೊಂಡಳು. ಆದರೂ ನಗು ನಿಲ್ಲಲಿಲ್ಲ. ಉಕ್ಕಿ ಬಂತು. ಮಂಡಿ ಮಡಚಿಕೊಂಡಿತು. ನಾನೂ ನರ್ಸೂ ಹಿಡಿದು ಮಲಗಿಸಿದೆವು. ಡಾಕ್ಟರಮ್ಮ ಪುಟ್ಟ ಸುತ್ತಿಗೆಯಿಂದ ಅವಳ ಮಂಡಿ ತಟ್ಟಿದರು. ಒದೆಯಬೇಕಿದ್ದ ಕಾಲು ಅಲ್ಲಾಡಲೇ ಇಲ್ಲ. ಸ್ವಲ್ಪ ಹೊತ್ತಿಗೆ ಎದ್ದವಳನ್ನು, "ಏನಾದರೂ ಕೇಳಿಸ್ತಿತ್ತಾ ಮಗು?" ಎಂದು ಕೇಳಿದರು.

"ಎಲ್ಲ ಕೇಳಿಸ್ತಿತ್ತು ಮೇಡಂ. ಅಪ್ಪ ಅಳ್ತಿದ್ರು" ಎಂದಳು.

ಹೌದು, ಭಾವ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಡಾಕ್ಟರಮ್ಮ ಅವರಿಗೆ ನಿಧಾನವಾಗಿ ಬಿಡಿಸಿ ಹೇಳಿದರು. "ಇದು ಗಾಳಿ ಅಲ್ಲ, ದೃಷ್ಟಿ ಅಲ್ಲ, ಸೋಮಾರಿತನವೂ ಅಲ್ಲ. ನಿದ್ದೆಯ ಕಾಯಿಲೆ ಇರಬೇಕು. ನಿದ್ದೆಯಲ್ಲಿ ಮೈ ಸಡಿಲ ಆಗುತ್ತಲ್ಲ, ಅದು ಇವಳಿಗೆ ಎಚ್ಚರದಲ್ಲೇ ಆಗ್ತಿದೆ. ಖಚಿತ ಆಗಬೇಕಾದರೆ ಮೈಸೂರಿಗೆ ಬರೆದುಕೊಡ್ತೀನಿ. ರಾತ್ರಿಯೆಲ್ಲ ಮಲಗಿಸಿ ನೋಡ್ತಾರೆ, ಮಾರನೆ ದಿನ ಹಗಲಲ್ಲೂ ಎರಡೆರಡು ಗಂಟೆಗೊಂದು ಸಲ ಮಲಗಿಸಿ ನೋಡ್ತಾರೆ."

"ಹಗಲೊತ್ತು ಮಲಗಾಕೆ ಮೈಸೂರ್ಗಂಟ ಓಗ್ಬೇಕಾ ಮೇಡಂ? ಅದ್ನ ಕಾಲೇಜಲ್ಲೇ ಮಾಡ್ತಾವ್ಳಲ್ಲ!" ಎಂದರು ಭಾವ. ಡಾಕ್ಟರಮ್ಮನಿಗೇ ನಗು ತಡೆಯಲಾಗಲಿಲ್ಲ. "ಹೋಗುವಾಗ ಈ ಸೋದರಮಾವನನ್ನೂ ಕರ್ಕೊಂಡು ಹೋಗಿ, ಬೇಕಾಗ್ತಾರೆ" ಎಂದರು. ಆ ಮಾತಿಗೆ ನನ್ನ ಎದೆ ಎಷ್ಟು ಉಬ್ಬಿತು ಅಂದರೆ ಅಂಗಿಯ ಗುಂಡಿ ಕಿತ್ತುಹೋಗದಿದ್ದದ್ದೇ ಹೆಚ್ಚು.

ಮೈಸೂರಿನಲ್ಲಿ ತಲೆಗೆ, ಕೆನ್ನೆಗೆ, ಎದೆಗೆ ವೈರು ಅಂಟಿಸಿ ಮಲಗಿಸಿದರು. ರಾತ್ರಿ ಅಕ್ಕ ಜೊತೆಗಿದ್ದಳು. ಹಗಲಿನ ಪಾಳಿ ನನ್ನದು. ಒಂದು ನಿದ್ದೆಗೂ ಇನ್ನೊಂದು ನಿದ್ದೆಗೂ ನಡುವೆ ಅವಳು ತೂಕಡಿಸದ ಹಾಗೆ ನೋಡಿಕೊಳ್ಳಬೇಕಿತ್ತು. ಕಾಫಿ ಕೊಡುವಂತಿಲ್ಲ. ಕೂರಿಸಿಕೊಂಡು ಕತೆ ಹೇಳಿದ್ದೇ ಹೇಳಿದ್ದು. "ಮಲಗಿಸೋ ಕಾಲು ಗಂಟೆ ಮುಂಚೆ ಮಾತ್ರ ನೀವು ಬಾಯಿ ಮುಚ್ಕೋಬೇಕು ಸಾರ್" ಎಂದಳು ಅಲ್ಲಿಯ ನರ್ಸು. ಇಡೀ ಪರೀಕ್ಷೆಯಲ್ಲಿ ಕಷ್ಟವಾದದ್ದು ಅದೊಂದೇ.

ಮಲಗಿಸಿದಾಗಲೆಲ್ಲ ನಂದಿನಿ ಕಣ್ಣು ಮುಚ್ಚುವುದೇ ತಡ, ನಿದ್ದೆ. ನಿದ್ದೆಯ ಹಿಂದೆಯೇ ಕನಸು. ಡಾಕ್ಟರಮ್ಮ ಹೇಳಿದ್ದ ನಿದ್ದೆಯ ಕಾಯಿಲೆಯೇ, ಹೆಸರು ನಾರ್ಕೊಲೆಪ್ಸಿ ಎಂದು ಖಚಿತವಾಯಿತು. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆಯಿಂದ, ಹೊತ್ತಿಗೆ ಸರಿಯಾದ ಸಣ್ಣ ನಿದ್ದೆಯಿಂದ ಹತೋಟಿಗೆ ಬರುತ್ತದೆ ಎಂದರು. ಸೋಮಾರಿ ಎನ್ನುತ್ತಿದ್ದ ಕಾಲೇಜಿನವರೇ ಊಟದ ಮೇಲೆ ಹೆಣ್ಣುಮಕ್ಕಳ ಕೋಣೆಯಲ್ಲಿ ಅವಳಿಗೆ ಒಂದು ಬೆಂಚು ಬಿಟ್ಟುಕೊಟ್ಟರು.

ನಂದಿನಿ ಡಿಗ್ರಿ ಮುಗಿಸಿ ಈಗ ಬಿ.ಎಡ್. ಓದುತ್ತಿದ್ದಾಳೆ. ಮಾರುಕಟ್ಟೆಯಲ್ಲಿ ಯಾರಾದರೂ ನನ್ನನ್ನು "ಬಾಯಿಬಡುಕ" ಅಂದರೆ ನನಗೆ ಕೋಪವೇ ಬರುವುದಿಲ್ಲ. ಈ ಬಾಯಿ ಏನು ಮಾಡಿದೆ ಎಂದು ನನಗೆ ಗೊತ್ತು.

ಆದರೆ ನಾನು ಸಾಯುವವರೆಗೂ ಮರೆಯದೇ ಇರುವುದು ಮರುವರ್ಷದ ವರ್ಷತೊಡಕು. ಭಾವನೇ ಫೋನ್ ಮಾಡಿ ಕರೆದಿದ್ದರು. ಎಂದೂ ಇಲ್ಲದ ಹಾಗೆ ಸುಮ್ಮನೆ ಕೂತು ಉಣ್ಣುತ್ತಿದ್ದೆ. ಸಾರಿನ ಸೌಟು ಹಿಡಿದು ಬಂದ ಭಾವ ನನ್ನ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿದರು.

"ತಟ್ಲಾ ಬಾಮೈದ. ವರ್ಷೆಲ್ಲ ಇದೇ ನಡೀಲಿ."

ಎಡಗೈಯಿಂದ ತಟ್ಟಿದೆ. ಕಾಯಿ ಬಲಿತದೆ ಎಂದೆ. ಉಳಿದದ್ದನ್ನು ಕೂಗಿದ್ದು ಭಾವನೇ: "ಲೋಡ್ ಮಾಡಿ!" ನಂದಿನಿ ಗೊಳ್ಳೆಂದು ನಕ್ಕಳು. ಅವಳ ಮಂಡಿ ಸ್ವಲ್ಪ ಬಾಗಿತು. ನಾನು ಎಂಜಲು ಕೈಯಲ್ಲೇ ಎದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು, ನಗುತ್ತಲೇ, ನಿಂತಿದ್ದಳು.